ಗೋಣಿಕೊಪ್ಪದ ಅತ್ತಿಗೆ–ನಾದಿನಿ ಡೇ ಕೇರ್: ಮಗು ಬಿಡುವವರಿಗೂ, ಇಂಥದ್ದು ಶುರು ಮಾಡುವವರಿಗೂ

ಕೊಡಗಿನ ಗೋಣಿಕೊಪ್ಪದಲ್ಲಿ ಬ್ಯಾಂಕು, ಆಸ್ಪತ್ರೆ, ಶಾಲೆಗೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ವರ್ಷದ ಕೂಸನ್ನು ಬಿಡಲು ಜಾಗ ಸಿಗುವುದು ಸುಲಭವಲ್ಲ. ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದವರಿಗೆ. ಪಂಚಾಯಿತಿಗಳು ಮಕ್ಕಳನ್ನು ನೋಡಿಕೊಳ್ಳಲು ನಡೆಸುವ ಕೂಸಿನ ಮನೆ ಶುರುವಾದದ್ದು ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ. ಇವೆರಡರ ನಡುವೆ ಉಳಿದವರಿಗೆ ಮನೆಯಲ್ಲೇ ನಡೆಸುವ ಡೇ ಕೇರ್‌ಗಳೇ ಗತಿ. ಅಂಥದ್ದೊಂದರ ವಿಮರ್ಶೆ ಇದು. ಅತ್ತಿಗೆಯ ಮನೆಯಲ್ಲಿ ಅತ್ತಿಗೆ, ನಾದಿನಿ ಇಬ್ಬರೂ ಸೇರಿ ನಡೆಸುತ್ತಾರೆ. ಬೋರ್ಡು ಹಾಕಿಲ್ಲ, ಬಾಯಿಮಾತಿನಲ್ಲೇ ಮಕ್ಕಳು ಬರುತ್ತಾರೆ. ಹೆಸರು ಬೇಡ ಎಂದದ್ದರಿಂದ ಬರೆದಿಲ್ಲ.

ಬೆಳಿಗ್ಗೆ 8.15ರಿಂದ ಸಂಜೆ 5.30. ಆರು ತಿಂಗಳಿಂದ ನಾಲ್ಕು ವರ್ಷದವರೆಗಿನ ಒಂಬತ್ತು ಮಕ್ಕಳು, ಅದಕ್ಕಿಂತ ಹೆಚ್ಚಿಲ್ಲ. ಒಂದೂವರೆ ವರ್ಷದೊಳಗಿನವರು ಮೂವರೇ. ಇಬ್ಬರು ನಡೆಸುವವರು, ಜೊತೆಗೊಬ್ಬರು ಸಹಾಯಕಿ. ಪೂರ್ತಿ ದಿನಕ್ಕೆ ತಿಂಗಳಿಗೆ 5,000, ಅರ್ಧ ದಿನಕ್ಕೆ 3,000. ಒಟ್ಟಿನಲ್ಲಿ ನಮ್ಮ ಅಭಿಪ್ರಾಯ: ಧೈರ್ಯವಾಗಿ ಬಿಡಬಹುದು. ಆದರೆ ಒಂದು ದೊಡ್ಡ ಕೊರತೆಯಿದೆ. ಅದು ಇವರೊಬ್ಬರದ್ದಲ್ಲ, ಮನೆಯವರೇ ಸೇರಿ ನಡೆಸುವ ಎಲ್ಲ ಡೇ ಕೇರ್‌ಗಳದ್ದೂ ಹೌದು. ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲು ಮನೆ. ಪೇಟೆಯ ಫ್ಲ್ಯಾಟಿನ ಡೇ ಕೇರ್ ನೋಡುವ ಕಣ್ಣಿನಲ್ಲಿ ಕೊಡಗಿನ ಮನೆ ನೋಡಿದರೆ ಸಾಲದು. ಇಲ್ಲಿನ ಅಪಾಯಗಳು ಬೇರೆ. ತೋಟದ ಮನೆಯೆಂದ ಮೇಲೆ ಶೆಡ್ಡಿನಲ್ಲಿ ಮೈಲುತುತ್ತು, ಸುಣ್ಣ, ಕಳೆನಾಶಕ ಇದ್ದೇ ಇರುತ್ತದೆ. ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಕಲಸುವ ಈ ಮೈಲುತುತ್ತಿನ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ. ಈ ಮನೆಯಲ್ಲಿ ಶೆಡ್ಡಿಗೆ ಬೀಗವಿದೆ, ಮಕ್ಕಳು ಆಡುವ ಜಾಗ ಮನೆಯ ಇನ್ನೊಂದು ಬದಿಗಿದೆ. ಎರಡನೆಯದು ಬಚ್ಚಲು. ಹಂಡೆಯಲ್ಲಿ ಇಡೀ ದಿನ ಬಿಸಿನೀರು, ಕೆಳಗೆ ಕೆಂಡ. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ದೊಡ್ಡವರ ಎದೆಮಟ್ಟದಲ್ಲಿ ಚಿಲಕ ಹಾಕಿಸಿದ್ದಾರೆ. ಬಕೆಟ್‌ಗಳನ್ನು ಬೋರಲು ಹಾಕಿಟ್ಟಿದ್ದಾರೆ. ನಡೆಯಲು ಕಲಿಯುತ್ತಿರುವ ಮಗು ಮುಳುಗಲು ಕೆಲವೇ ಅಂಗುಲ ನೀರು ಸಾಕು, ತಲೆ ಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು. ಮೂರನೆಯದನ್ನು ಕೇಳಲು ಹಲವರಿಗೆ ಸಂಕೋಚ: ಕೋವಿ. ಕೊಡಗಿನಲ್ಲಿ ಮನೆಯಲ್ಲಿ ಕೋವಿ ಇರುವುದು ಸಹಜ, ಕೇಳುವುದೂ ಸಹಜವಾಗಬೇಕು. ಕೋವಿ ಒಂದು ಕಡೆ, ತೋಟಾ (ಗುಂಡು) ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ, ಬೀಗದ ಕೈ ದೊಡ್ಡವರ ಹತ್ತಿರ. ಇಲ್ಲಿ ಹಾಗೇ ಇದೆ. ಗೋಡೆಗೆ ತೂಗುಹಾಕಿದ ಕೋವಿ ಕಂಡರೆ, ಅದು ಖಾಲಿ ಎಂದು ಎಷ್ಟೇ ಹೇಳಿದರೂ, ಅಂಥ ಮನೆಯಲ್ಲಿ ಮಗು ಬಿಡಬೇಡಿ.

ಮಳೆಗಾಲದ ಪರೀಕ್ಷೆಯಲ್ಲಿ ಅರ್ಧ ಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಹಾಸಿಗೆಗಳೆಲ್ಲ ರೆಕ್ಸಿನ್ ಹೊದಿಸಿದ ಫೋಮ್, ಒರೆಸಿ ನಿಲ್ಲಿಸಿಡುತ್ತಾರೆ, ಹತ್ತಿ ಹಾಸಿಗೆಯ ಬೂಸ್ಟಿನ ವಾಸನೆ ಇಲ್ಲ. ಆದರೆ ಮಕ್ಕಳ ಒದ್ದೆ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುತ್ತಾರೆ. ಹೊಗೆಯೆಲ್ಲ ಬಟ್ಟೆಗೆ ಹಿಡಿಯುತ್ತದೆ. ಉಬ್ಬಸದ ಮಕ್ಕಳಿಗೆ ಅದು ಒಳ್ಳೆಯದಲ್ಲ. ಹಾಗಾಗಿ ಮಳೆಗಾಲದಲ್ಲಿ ದಿನಕ್ಕೆ ಆರು ಜೊತೆ ಬಟ್ಟೆ ಕಳಿಸಿ, ಒದ್ದೆಯಾದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ವಾಪಸ್ ಕೊಡಲು ಹೇಳಿ. ಅಂಗಳದಲ್ಲಿ ಆಡಿ ಬಂದ ಮಕ್ಕಳ ಕಾಲ್ಬೆರಳ ಸಂದು, ಮಂಡಿಯ ಹಿಂಭಾಗ ನೋಡಿ ಜಿಗಣೆ ತೆಗೆಯುವುದನ್ನು ಮಾತ್ರ ಇವರು ತಪ್ಪಿಸುವುದಿಲ್ಲ.

ಹಾಲು, ಊಟದ ವಿಷಯದಲ್ಲಿ ಇವರ ಶಿಸ್ತು ಮೆಚ್ಚಬೇಕಾದದ್ದು. ಹಿಂಡಿ ತಂದ ಎದೆಹಾಲಿನ ಬಾಟಲಿಗೆ ಮಗುವಿನ ಹೆಸರು, ಹಿಂಡಿದ ಹೊತ್ತು ಬರೆದ ಟೇಪ್ ಅಂಟಿಸದೆ ತೆಗೆದುಕೊಳ್ಳುವುದಿಲ್ಲ. ಹೊರಗಿಟ್ಟರೆ 25 ಡಿಗ್ರಿಯೊಳಗಿನ ವಾತಾವರಣದಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಎಂಬುದು ಲೆಕ್ಕ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಗಾಳಿಮಳೆಗೆ ಮರ ಬಿದ್ದು ಲೈನು ಹರಿದರೆ ಇಲ್ಲಿ ಕರೆಂಟು ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅದಕ್ಕೇ ಫ್ರೀಜರಿನಲ್ಲಿ ಐಸ್ ಪ್ಯಾಕ್, ಪಕ್ಕದಲ್ಲೇ ಒಂದು ಥರ್ಮಕೋಲ್ ಪೆಟ್ಟಿಗೆ. ಪುಡಿ ಹಾಲು ಕಲಸಿದ್ದರೆ ಮಗು ಬಾಯಿಟ್ಟ ಒಂದು ಗಂಟೆಗೆ ಉಳಿದದ್ದನ್ನು ಚೆಲ್ಲುತ್ತಾರೆ. ಕೆಲವು ಅಪ್ಪ ಅಮ್ಮಂದಿರು ದುಬಾರಿ ಪುಡಿ ಹಾಳಾಯಿತೆಂದು ಗೊಣಗುತ್ತಾರಂತೆ. ಗೊಣಗಬೇಡಿ, ಭೇದಿ ಶುರುವಾಗುವುದೇ ಅಲ್ಲಿಂದ.

ದೊಡ್ಡ ಮಕ್ಕಳಿಗೆ ಹತ್ತು ಗಂಟೆಗೆ ರಾಗಿ ಸರಿ ಇಲ್ಲವೇ ಬಾಳೆಹಣ್ಣು, ಹನ್ನೆರಡೂವರೆಗೆ ಮೆತ್ತಗಿನ ಅನ್ನ, ತೊವ್ವೆ, ಸೊಪ್ಪು, ಮೂರೂವರೆಗೆ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಪಾಪುಟ್ಟು (ಹಾಲು ಹಾಕಿ ಬೇಯಿಸಿದ ಅಕ್ಕಿ ತರಿಯ ತಿಂಡಿ). ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟನ್ನು ಕೈಯಲ್ಲಿ ಒಡೆದು ಪುಡಿ ಮಾಡಿಯೇ ಕೊಡುತ್ತಾರೆ. ಬೇಯಿಸಿದ ಹಲಸಿನ ಬೀಜ, ಕಡಲೆಕಾಯಿ, ಬೀಜ ಬಿಡಿಸದ ಕಿತ್ತಳೆ ತೊಳೆ ಇಲ್ಲ: ಮೂರೂ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದಿಲ್ಲ. ತೋಟದ ಜೇನು ಶುದ್ಧ ಎಂದು ಅಜ್ಜಿಯರು ಕಳಿಸಿದರೂ ವಾಪಸ್. ಶುದ್ಧ ಜೇನಿನಲ್ಲೂ ಬಾಟ್ಯುಲಿಸಮ್ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಎಳೆ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ.

ಔಷಧಿಯ ಡಬ್ಬಿ ತೆರೆದು ನೋಡಿ ಎಂದು ಎಲ್ಲರಿಗೂ ಹೇಳುತ್ತೇವೆ. ಇಲ್ಲಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಮಗುವಿಗೊಂದು ಜಿಪ್ ಚೀಲ. ಒಳಗೆ ಡಾಕ್ಟರ ಚೀಟಿಯ ಜೆರಾಕ್ಸ್, ಸಿರಪ್, ಅಳತೆ ಸಿರಿಂಜು. ಚೀಟಿ ಇಲ್ಲದೆ ಹನಿಯೂ ಇಲ್ಲ. ಕಾರಣವಿದೆ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಬರುತ್ತದೆ, 250 ಇರುವುದೂ ಬರುತ್ತದೆ, ಬಾಟಲಿಗಳು ನೋಡಲು ಒಂದೇ ಥರ. ಹತ್ತು ಕೆಜಿಯ ಮಗುವಿಗೆ ಕೆಜಿಗೆ 15 ಮಿಲಿಗ್ರಾಂನಂತೆ ಒಂದು ಸಲಕ್ಕೆ 150 ಮಿಲಿಗ್ರಾಂ: ಮೊದಲ ಬಾಟಲಿಯಿಂದ ಸುಮಾರು 6 ಎಂಎಲ್, ಎರಡನೆಯದರಿಂದ 3 ಎಂಎಲ್. ಅಭ್ಯಾಸಬಲದಿಂದ ಎರಡನೆಯ ಬಾಟಲಿಯಿಂದಲೂ 6 ಎಂಎಲ್ ಕೊಟ್ಟರೆ ಡೋಸು ದುಪ್ಪಟ್ಟು. ಬೆಳಿಗ್ಗೆ ಮನೆಯಲ್ಲಿ ಕೊಟ್ಟು, ಹೇಳದೆ ಬಿಟ್ಟುಹೋಗುವ ಪೋಷಕರಿಂದ ಇನ್ನೊಂದು ತಾಪತ್ರಯ. ಅದಕ್ಕೇ ಬಾಗಿಲ ಬಳಿಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಬಂದ ಹೊತ್ತು, ಕೊನೆಯ ಊಟ, ಕೊನೆಯ ಔಷಧಿ ಎಷ್ಟು ಹೊತ್ತಿಗೆ, ಸಂಜೆ ಯಾರು ಕರೆದೊಯ್ಯುತ್ತಾರೆ. ಸಹಿ ಹಾಕದೆ ಮಗು ಒಳಗೆ ಹೋಗುವಂತಿಲ್ಲ.

ಕೂಸುಗಳನ್ನು ಅಂಗಾತ ಮಲಗಿಸುತ್ತಾರೆ, ತಲೆದಿಂಬಿಲ್ಲ, ಮುಖದ ಹತ್ತಿರ ಕಂಬಳಿಯಿಲ್ಲ. ಚಳಿಗೆ ಸ್ವೆಟರ್, ಕಾಲುಚೀಲ.

ಇನ್ನು ಆ ಕೊರತೆ. ಇಬ್ಬರೂ ಒಂದೇ ಕುಟುಂಬದವರು. ಮನೆಯಲ್ಲಿ ಮದುವೆ ಎಂದರೆ ಇಬ್ಬರಿಗೂ ಮದುವೆ, ಸಾವು ಎಂದರೆ ಇಬ್ಬರಿಗೂ ಸೂತಕ. ಕೈಲ್ ಮುಹೂರ್ತ, ಕಾವೇರಿ ಸಂಕ್ರಮಣ, ಹುತ್ತರಿ ಮೊದಲೇ ಗೊತ್ತಿರುವ ರಜೆಗಳು, ನಿಭಾಯಿಸಬಹುದು. ಬೆಳಿಗ್ಗೆ ಆರಕ್ಕೆ ಬರುವ ಸಾವಿನ ಸುದ್ದಿಗೆ ಏನು ಮಾಡುವುದು? ಹೊರಗಿನ ಇಬ್ಬರು ಪಾಲುದಾರರಾದರೆ ಒಬ್ಬರು ಹೋದಾಗ ಇನ್ನೊಬ್ಬರು ಇರುತ್ತಾರೆ. ಇಲ್ಲಿ ಬಾಗಿಲೇ ಮುಚ್ಚುತ್ತದೆ. ಏಪ್ರಿಲ್, ಮೇ ಮದುವೆಗಳ ಕಾಲದಲ್ಲಂತೂ ಮತ್ತೆ ಮತ್ತೆ. ಇದಕ್ಕೆ ಇರುವ ದಾರಿ ಒಂದೇ: ಸಂಬಂಧದ ಹೊರಗಿನ ಮೂರನೆಯವರು. ಇವರ ಸಹಾಯಕಿ ಹೊರಗಿನವರೇ, ಒಳ್ಳೆಯವರು, ಆದರೆ ಬೀಗದ ಕೈಯೂ ಇಲ್ಲ, ಒಬ್ಬರೇ ನಿಭಾಯಿಸುವ ತರಬೇತಿಯೂ ಇಲ್ಲ. ಅಂಥ ದಿನ ಐದೇ ಮಕ್ಕಳನ್ನು ತೆಗೆದುಕೊಂಡು, ನಿವೃತ್ತ ಅಂಗನವಾಡಿ ಕಾರ್ಯಕರ್ತೆ ಯಾರನ್ನಾದರೂ ದಿನಗೂಲಿ ಮೇಲೆ ಕರೆಸಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ ಎಂದು ಇವರಿಗೂ ಹೇಳಿದ್ದೇವೆ. ಅಲ್ಲಿಯವರೆಗೆ ಪೋಷಕರು ಇನ್ನೊಂದು ಮನೆ ಗೊತ್ತು ಮಾಡಿಟ್ಟುಕೊಳ್ಳಲೇಬೇಕು.

ಅತ್ತಿಗೆಯ ಜೊತೆಗೋ ಅಕ್ಕನ ಜೊತೆಗೋ ಇಂಥದ್ದನ್ನು ಶುರು ಮಾಡಬೇಕೆಂದುಕೊಂಡವರು ದುಡ್ಡಿನ ಲೆಕ್ಕವನ್ನು ಬಿಡಿಸಿ ನೋಡಬೇಕು. ಕೆಳಗಿನದು ಇವರ ಪುಸ್ತಕದ್ದಲ್ಲ, ಈ ಗಾತ್ರದ ಮನೆಗೆ ನಾವು ಹಾಕಿದ ಅಂದಾಜು. ಏಳು ಪೂರ್ತಿ ದಿನ, ಎರಡು ಅರ್ಧ ದಿನ ಎಂದರೆ ಬರುವುದು 41,000. ಸಹಾಯಕಿಗೆ 10,000, ಹಾಲು ದಿನಸಿಗೆ 7,500, ಗ್ಯಾಸು ಕರೆಂಟು ಇಂಟರ್‌ನೆಟ್ಟಿಗೆ 3,500, ಸೋಪು ಫಿನಾಯಿಲಿಗೆ 1,500, ರಿಪೇರಿ ಆಟಿಕೆಗೆ 1,500, ಮನೆ ಬಾಡಿಗೆ 4,000. ಉಳಿಯುವುದು 13,000, ತಲೆಗೆ 6,500. ಪೂರ್ತಿ ದಿನದ ಇಬ್ಬರು ಮಕ್ಕಳು ಬೇಸಿಗೆಗೆ ಅಜ್ಜಿ ಮನೆಗೆ ಹೋದರೆ ಆ ತಿಂಗಳು ಇಬ್ಬರಿಗೂ ಸೇರಿ ಮೂರು ಸಾವಿರದ ಆಸುಪಾಸು. ರಜೆಯ ತಿಂಗಳಲ್ಲಿ ಸೀಟು ಉಳಿಸಿಕೊಳ್ಳಲು ಇವರು ಅರ್ಧ ಫೀಸು ಕೇಳುವುದು ಇದಕ್ಕೇ, ಅದು ನ್ಯಾಯವೇ.

ಆ ಬಾಡಿಗೆಯ 4,000 ಗಮನಿಸಿ. ಜಗಳ ಹುಟ್ಟುವುದು ಅಲ್ಲಿ. ಮನೆ ಒಬ್ಬರದು, ಗೋಡೆಗೆ ಗೀಚುವುದು ಅವರ ಗೋಡೆಗೆ, ತುಂಬುವುದು ಅವರ ಕಕ್ಕಸಿನ ಪಿಟ್ಟು. ‘ನಮ್ಮದೇ ಮನೆ, ಬಾಡಿಗೆ ಯಾಕೆ’ ಎಂದು ಮೊದಲು ಉದಾರವಾಗಿ ಬಿಟ್ಟದ್ದು ವರ್ಷ ಕಳೆಯುವಷ್ಟರಲ್ಲಿ ಒಳಗೊಳಗೇ ಕುದಿಯುತ್ತದೆ. ಇನ್ನೊಬ್ಬರಿಗೆ ತಾನು ಬೆಳಿಗ್ಗೆ ಏಳೂವರೆಗೆ ಬಂದು ಹೆಚ್ಚು ದುಡಿಯುತ್ತೇನೆಂಬ ಅಸಮಾಧಾನ. ಬಾಯಿಮಾತಿನ ಪಾಲುದಾರಿಕೆಯಲ್ಲಿ ಕಾನೂನು ಏನು ಹೇಳುತ್ತದೆಂದು ತಿಳಿದಿರಲಿ: 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಕರಾರು ಇಲ್ಲದಿದ್ದರೆ ಲಾಭ ನಷ್ಟ ಸಮಪಾಲು, ಯಾರು ಹೆಚ್ಚು ದುಡಿದರೂ ಸಂಬಳ ಕೇಳುವಂತಿಲ್ಲ, ವ್ಯವಹಾರದ ಸಾಲಕ್ಕೆ ಒಬ್ಬೊಬ್ಬರೂ ಪೂರ್ತಿ ಹೊಣೆ. ಹಾಗಾಗಿ ಛಾಪಾ ಕಾಗದದ ಮೇಲೆ ಐದು ವಿಷಯ ಬರೆಸಿ: ಬಾಡಿಗೆ ಎಷ್ಟು, ಲಾಭ ಪಾಲು ಮಾಡುವ ಮೊದಲು ಯಾರಿಗೆ ಎಷ್ಟು ಸಂಬಳ, ಯಾರು ಏನು ಹಾಕಿದರು (ಫ್ರಿಜ್, ಇನ್ವರ್ಟರ್ ಸಮೇತ), ಬಿಡುವುದಾದರೆ ಎಷ್ಟು ದಿನದ ನೋಟಿಸ್, ಬಿಟ್ಟ ಮೇಲೆ ಮಕ್ಕಳ ಮುಂಗಡ ಹಿಂತಿರುಗಿಸುವವರು ಯಾರು. ಫೀಸು ಬೀಳಲು ಬೇರೆಯೇ ಖಾತೆ ಇರಲಿ, ಗಂಡಂದಿರ ಫೋನ್‌ಪೇ ಬೇಡ. ಇವರು ಕರಾರು ಮಾಡಿಕೊಂಡಿದ್ದಾರೆ. ಅಡುಗೆ, ದಿನಸಿ ಅತ್ತಿಗೆಯದು; ಫೀಸು, ನೋಟ್‌ಬುಕ್ಕು, ಪೋಷಕರ ಜೊತೆ ಮಾತು ನಾದಿನಿಯದು. ಫೀಸಿನ ವಿಷಯ ಅತ್ತಿಗೆಯನ್ನು ಕೇಳಿದರೆ ‘ಅವಳನ್ನೇ ಕೇಳಿ’ ಎನ್ನುತ್ತಾರೆ. ಈ ಒಂದು ಮಾತಿನಿಂದಲೇ ನಮಗೆ ಇವರ ಮೇಲೆ ನಂಬಿಕೆ ಬಂತು.

ಕಾಗದಪತ್ರದಲ್ಲಿ ಪಂಚಾಯಿತಿಯ ಪರವಾನಗಿ, ಊಟ ಕೊಡುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ವಿಚಾರಿಸಿಕೊಳ್ಳಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಉಚಿತ ಕರೆಂಟಿನ ಗೃಹಜ್ಯೋತಿ ಇರುವುದು ವಾಸದ ಮನೆಗೆ. ಅದೇ ಮೀಟರಿನಲ್ಲಿ ವ್ಯಾಪಾರ ನಡೆಸುವ ಮುಂಚೆ ಕರೆಂಟು ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ಕೇಳಿ ಬೇರೆ ಮೀಟರು ಹಾಕಿಸುವುದು ಕ್ಷೇಮ. ಮನೆಯ 14.2 ಕೆಜಿ ಸಿಲಿಂಡರಿನ ಕಥೆಯೂ ಅದೇ, ವ್ಯಾಪಾರಕ್ಕೆ 19 ಕೆಜಿಯದು.

ಸಂಜೆ 5.30ಕ್ಕೆ ಮುಚ್ಚುವುದು ತಿತಿಮತಿ, ಮಾಲ್ದಾರೆ ಕಡೆಯವರಿಗೆ ಅನುಕೂಲವೇ, ಕತ್ತಲಾದ ಮೇಲೆ ಆನೆ ಓಡಾಡುವ ರಸ್ತೆಯಲ್ಲಿ ಮಗುವನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗಬೇಕಾಗಿಲ್ಲ. ಆಸ್ಪತ್ರೆಯ ಮಧ್ಯಾಹ್ನದ ಪಾಳಿಯವರಿಗೆ ಇದು ಆಗಿಬರುವುದಿಲ್ಲ. ಮಳೆಗೆ ಜಿಲ್ಲಾಧಿಕಾರಿ ಶಾಲೆ, ಅಂಗನವಾಡಿಗಳಿಗೆ ರಜೆ ಕೊಟ್ಟ ದಿನವೂ ದಾರಿ ಸರಿಯಿದ್ದರೆ ತೆರೆಯುತ್ತಾರೆ, ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ತಿಳಿಸುತ್ತಾರೆ.

ಸೇರಿಸುವುದಾದರೆ ಮೊದಲ ಎರಡು ದಿನ ನೀವೂ ಜೊತೆಗಿದ್ದು ಒಂದು ಗಂಟೆ, ಮೂರನೆಯ ದಿನ ನೀವಿಲ್ಲದೆ ಮಗು ಮಾತ್ರ ಒಂದು ಗಂಟೆ, ನಾಲ್ಕನೆಯ ದಿನ ಊಟದವರೆಗೆ, ಐದನೆಯ ದಿನ ನಿದ್ದೆಯವರೆಗೆ. ಆ ವಾರಕ್ಕೆ ಅವರು ದುಡ್ಡು ಕೇಳುವುದಿಲ್ಲ. ಕಾಫಿ ಕುಯ್ಲಿನ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸೀಟು ಸಿಗುವುದು ಕಷ್ಟ. ಅಕ್ಟೋಬರ್‌ನಲ್ಲೇ ಹೋಗಿ ಹೆಸರು ಬರೆಸಿ, ಲಸಿಕೆ ಕಾರ್ಡಿನ ಜೆರಾಕ್ಸ್ ಒಯ್ಯಿರಿ.