ಮಿಂಚಿನ ಕಡ್ಡಿಗೆ ನಾಲ್ಕು ಸ್ಟಾರ್, ಅದರ ಗುಂಡಿಗೆ ಒಂದೂವರೆ

ಸಿದ್ದಾಪುರ ಕಡೆ ಇರೋ ನಮ್ಮ ತೋಟದ ಮನೆಗೆ ಹೋದ ವರ್ಷ ಫೆಬ್ರವರಿಲಿ ಲೈಟ್ನಿಂಗ್ ಅರೆಸ್ಟರ್ (ಸಿಡಿಲನ್ನ ಹಿಡ್ದು ನೆಲಕ್ಕೆ ಇಳಿಸೋ ಮಿಂಚಿನ ಕಡ್ಡಿ) ಹಾಕ್ಸಿದ್ವಿ, ಆವಾಗಿಂದ ಕಂಡವ್ರೆಲ್ಲ ಹೆಂಗುಂಟು, ಎಷ್ಟಾಯ್ತು, ನಾವೂ ಹಾಕ್ಸ್ಬೋದಾ ಅಂತ ಕೇಳ್ತಾನೇ ಇದಾರೆ, ಅದಕ್ಕೆ ಒಂದೇ ಸಲ ಬರ್ದುಬಿಡೋಣ ಅಂತ. ಹಾಕಿದವ್ರ ಹೆಸ್ರು ಹೇಳಲ್ಲ. ಎಡವಟ್ಟು ಮಾಡಿದ್ದು ಹೌದು, ಕರೆದಾಗ ಬಂದು ಸರಿ ಮಾಡ್ಕೊಟ್ಟಿದ್ದೂ ಹೌದು. ಒಟ್ಟು 52 ಸಾವಿರ ಆಯ್ತು, ಆಮೇಲಿನ ರಿಪೇರಿ ಬೇರೆ.

ಇವ್ರಿಗಿಂತ ಮೊದ್ಲು ಇನ್ನೊಬ್ರು ಬಂದಿದ್ರು, ಕೈಯಲ್ಲಿ ಹೊಳೆಯೋ ಸ್ಟೀಲಿನ ಅಣಬೆ ತರದ್ದೊಂದು, ಇದನ್ನ ಇಟ್ರೆ ಸುತ್ತ 100 ಮೀಟರ್ ಭಯ ಇಲ್ಲ, ಮನೆ, ಕಣ, ಲೈನ್‌ಮನೆ (ತೋಟದ ಕೆಲ್ಸದವ್ರ ಸಾಲು ಮನೆ) ಎಲ್ಲ ಕವರ್, ಒಂದೂವರೆ ಲಕ್ಷ ಅಂದ್ರು. ಇಎಸ್‌ಇ ಅಂತಾರೆ ಇದಕ್ಕೆ, ಸಾದಾ ಕಡ್ಡಿಗಿಂತ ಮೊದ್ಲೇ ಮೇಲಕ್ಕೆ ಕಿಡಿ ಕಳ್ಸಿ ಸಿಡಿಲು ಹಿಡೀತದೆ ಅಂತ ಹೇಳಿ ಮಾರೋದು. ಫ್ರಾನ್ಸಲ್ಲಿ ಇದಕ್ಕೊಂದು ಸ್ಟ್ಯಾಂಡರ್ಡ್ ಉಂಟು ನಿಜ, ಆದ್ರೆ ನಮ್ಮಲ್ಲಿ ನಡೆಯೋ ಸಿಡಿಲು ರಕ್ಷಣೆಯ ಸ್ಟ್ಯಾಂಡರ್ಡ್ ಐಎಸ್/ಐಇಸಿ 62305ರಲ್ಲಿ ಆ 100 ಮೀಟರ್ ಲೆಕ್ಕಕ್ಕೆ ಜಾಗ ಇಲ್ಲ, ಅಲ್ಲಿ ಕಡ್ಡಿ ಎಲ್ಲಿದೆ ಎಷ್ಟೆತ್ತರ ಇದೆ ಅನ್ನೋದೇ ಲೆಕ್ಕ, ತುದಿಯಲ್ಲಿ ಅಣಬೆ ಇದ್ಯೋ ಸೂಜಿ ಇದ್ಯೋ ಅನ್ನೋದಲ್ಲ. ನಮ್ಮವ್ರು ಮಾತ್ರ ಕೇಳೋ ಮೊದ್ಲೇ ಹೇಳಿದ್ರು, ಸಾದಾ ತಾಮ್ರದ ಕಡ್ಡಿ ಸಾಕು ಸಾರ್, ಫ್ರಾಂಕ್ಲಿನ್ ಗಾಳಿಪಟ ಹಾರಿಸಿದ 1752ರ ಕಾಲದ ಐಡಿಯಾನೇ ಇವತ್ತಿಗೂ ನಡೀತಿರೋದು ಅಂತ. ಅಲ್ಲೇ ನಂಗೆ ನಂಬಿಕೆ ಬಂತು. ಸ್ವಲ್ಪ ಜಾಸ್ತೀನೇ ಬಂತು ಅನ್ಸ್ತದೆ.

ಮಾಡಿನ ಮೇಲಿನ ಕೆಲ್ಸ ನೋಡಿದ್ರೆ ಕೈ ಮುಗೀಬೇಕು. ಹಳೇ ಮಂಗಳೂರು ಹೆಂಚು, ಒಂದೇ ಒಂದು ಒಡೀಲಿಲ್ಲ. ಕಡ್ಡಿಯಿಂದ ಕೆಳಗೆ ಬರೋ ತಾಮ್ರದ ಪಟ್ಟಿ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ಮೀಟರಿಗೊಂದು ಕ್ಲಾಂಪ್, ತಿರುವು ಬರೋ ಕಡೆ ಎಲ್ಲೂ ಮೊಣಕೈ ತರ ಮಡಚಿಲ್ಲ, ದೊಡ್ಡದಾಗಿ ಬಳಸ್ಕೊಂಡು ಇಳ್ಸಿದಾರೆ. ಚೂಪಾಗಿ ಮಡಚಿದ್ರೆ ಸಿಡಿಲಿನ ಕರೆಂಟು ಅಲ್ಲಿಂದ ಗೋಡೆಗೆ ಹಾರೋ ಚಾನ್ಸ್ ಇರ್ತದಂತೆ, ಅಷ್ಟು ಫಾಸ್ಟಾಗಿ ಏರೋ ಕರೆಂಟಿಗೆ ಒಂದು ಮುರುಕು ತಿರುವೂ ಅಡ್ಡಗೋಡೆ ಇದ್ದ ಹಾಗೆ. ಇದು ಗೊತ್ತಿದ್ದು ಮಾಡಿದವ್ರು. ಹಾಗಾಗಿ ಗುಂಡಿ ವಿಷ್ಯದಲ್ಲಿ ಗೊತ್ತಿಲ್ದೆ ಮಾಡಿದ್ರು ಅಂತ ನಾನು ಒಪ್ಪಲ್ಲ.

ಗುಂಡಿ ಕಥೆ ಕೇಳಿ. ಕಡ್ಡಿಯಿಂದ ಬಂದ ಕರೆಂಟು ನೆಲಕ್ಕಿಳಿಯೋಕೆ ಮನೆ ಹಿಂದೆ ಒಂದು ಅರ್ತಿಂಗ್ ಗುಂಡಿ ತೆಗೆದ್ರು, ಇದ್ದಿಲು ಉಪ್ಪು ತುಂಬಿಸಿದ್ರು, ಆಮೇಲೆ ಹುಡುಗ ಎರಡು ಬಕೆಟ್ ನೀರು ಹುಯ್ದ, ಐದು ನಿಮಿಷ ಬಿಟ್ಟು ಮೀಟರ್ ಹಚ್ಚಿ ತೋರ್ಸಿದ, ನೋಡಿ ಸಾರ್ 8 ಓಮ್, 10ರ ಒಳಗೆ ಇರ್ಬೇಕು ಅಷ್ಟೇ. ಓಮ್ ಅಂದ್ರೆ ನೆಲಕ್ಕಿಳಿಯೋ ಕರೆಂಟಿಗೆ ಇರೋ ತಡೆ, ಕಮ್ಮಿ ಇದ್ದಷ್ಟೂ ಒಳ್ಳೇದು. ನಾನು ಫೋಟೋನೂ ತೆಗ್ದೆ. ಮಾರ್ಚ್ ಕೊನೆಗೆ ನನ್ನ ಅತ್ತೆ ಮಗ ಬಂದಿದ್ದ, ಎಲೆಕ್ಟ್ರಿಕಲ್ ಕೆಲ್ಸದವ್ನು, ಅರ್ತ್ ಟೆಸ್ಟರ್ ಜೀಪಲ್ಲೇ ಇತ್ತು. ಕಾಫಿ ಗಿಡದ ನಡುವೆ ದೂರ ದೂರ ಎರಡು ಗೂಟ ಹೊಡ್ದು ವೈರ್ ಎಳ್ದು ನೋಡಿದ್ರೆ 38. ಹೂಮಳೆ ಕೈ ಕೊಟ್ಟ ವರ್ಷ, ನೆಲ ಇಟ್ಟಿಗೆ ಆಗಿತ್ತು. ಮಣ್ಣು ಒದ್ದೆ ಇದ್ರೆ ತಡೆ ಕಮ್ಮಿ ತೋರಿಸ್ತದೆ, ಎರಡು ಬಕೆಟ್ ನೀರು ಎಷ್ಟು ದಿನ ಇರ್ತದೆ ಮಾರಾಯ್ರೆ.

38 ಆದ್ರೇನು 8 ಆದ್ರೇನು ಅಂತ ನಾನೂ ಅಂದ್ಕೊಂಡಿದ್ದೆ, ಅವನು ಪೇಪರ್ ಮೇಲೆ ಬರ್ದು ತೋರ್ಸಿದ. ಏಪ್ರಿಲ್ ಮಧ್ಯಾಹ್ನದ ಸೆಖೆಗೆ ನಮ್ಮ ಬೆಟ್ಟದ ಮೇಲೆ ಮೋಡ ಹೂಕೋಸು ತರ ಎದ್ದು ಎತ್ತರ ಹೋಗ್ತದಲ್ಲ, ಅದ್ರೊಳಗೆ ಮೈನಸ್ 10-20 ಡಿಗ್ರಿ ಇರೋ ಜಾಗದಲ್ಲಿ ಸಣ್ಣ ಹಿಮದ ಹರಳೂ ಸಾಬಕ್ಕಿ ತರದ ಮೆತ್ತನೆ ಆಲಿಕಲ್ಲೂ ಡಿಕ್ಕಿ ಹೊಡ್ಕೋತಾ ಇರ್ತವೆ, ಹಗುರ ಹರಳು ಪ್ಲಸ್ ಹೊತ್ಕೊಂಡು ಮೇಲೆ ಹೋಗ್ತದೆ, ಭಾರದ್ದು ಮೈನಸ್ ಇಟ್ಕೊಂಡು ಕೆಳಗೆ ಉಳೀತದೆ. ಅಲ್ಲಿಂದ ಒಂದು ಎಳೆ ಸುಮಾರು 50 ಮೀಟರ್ 50 ಮೀಟರ್ ನೆಗ್ದು ನೆಗ್ದು ಕೆಳಗೆ ಬರ್ತದೆ, ಕುರುಡ ಕೋಲು ತಟ್ಕೊಂಡು ಬಂದ ಹಾಗೆ, ನಮ್ಮ ಮನೆ ಮರ ಯಾವ್ದೂ ಅದಕ್ಕೆ ಗೊತ್ತಿರಲ್ಲ. ನೆಲದ ಹತ್ರ ಬಂದಾಗ ಕೆಳಗಿರೋ ಎತ್ತರದ ಮೊನೆಗಳಿಂದ ಪುಟ್ಟ ಪುಟ್ಟ ಕಿಡಿ ಮೇಲೆ ಏಳ್ತವೆ, ಯಾವ್ದು ಮೊದ್ಲು ಮುಟ್ಟಿತೋ ಅದರ ಪಾಲಿಗೆ ಸಿಡಿಲು. ಕರೆಂಟು ಸಾಮಾನ್ಯಕ್ಕೆ 30,000 ಆಂಪಿಯರ್, ನಮ್ಮ ಗೀಸರಿನ ಸಾಕೆಟ್ಟು 16. ಈಗ 30,000ವನ್ನ 38ರಿಂದ ಗುಣ್ಸಿ, 11 ಲಕ್ಷ ವೋಲ್ಟ್ ದಾಟ್ತದೆ, ಅಷ್ಟು ವೋಲ್ಟು ಒಂದು ಕ್ಷಣ ನಮ್ಮ ಗುಂಡಿ ಮೇಲೆ ನಿಂತ್ಕೊಳ್ತದೆ. ಅದು ಸುಮ್ನೆ ನಿಲ್ಲಲ್ಲ, ಪಕ್ಕದಲ್ಲಿ ಸುಲಭದ ದಾರಿ ಯಾವ್ದುಂಟು ಅಂತ ಹುಡುಕ್ತದೆ. ಇದಕ್ಕೇ ಅರೆಸ್ಟರ್ ಅರ್ತೂ ಮನೆ ವೈರಿಂಗ್ ಅರ್ತೂ ಜೋಡಿಸಿರ್ಬೇಕು, ಎಲ್ಲ ಒಟ್ಟಿಗೇ ಏರಿ ಒಟ್ಟಿಗೇ ಇಳಿದ್ರೆ ನಡುವೆ ಕಿಡಿ ಹಾರೋಕೆ ಕಾರಣ ಇರಲ್ಲ. ನಮ್ಮಲ್ಲಿ ಎರಡೂ ಬೇರೆ ಬೇರೆ ಬಿಟ್ಟಿದ್ರು, ಬೇರೆ ಇದ್ರೇ ಸೇಫ್ ಸಾರ್ ಅಂತ.

ಫೋನ್ ಮಾಡ್ದೆ, ಬರ್ತೀವಿ ಅಂದ್ರು, ಬರ್ಲಿಲ್ಲ. ಭರಣಿ ಮಳೆ ಬಂತು.

ಸಂಜೆ ನಾಲ್ಕೂವರೆ. ಅಮ್ಮ ಜಗಲಿಯಲ್ಲಿ ಅರ್ಜುನ ಅರ್ಜುನ ಅಂತ ಶುರು ಮಾಡಿದ್ರು, ನಾನು ಎಣಿಸ್ತಾ ಇದ್ದೆ, ಮಿಂಚಿ ಗುಡುಗು ಕೇಳೋಕೆ 3 ಸೆಕೆಂಡಾದ್ರೆ ಒಂದು ಕಿಲೋಮೀಟರ್ ದೂರ. 12, ಆಮೇಲೆ 9, ಆಮೇಲೆ 5. ಐದಕ್ಕೆ ಎದ್ದು ಒಳಗೆ ಹೋಗಿ ಟಿವಿ ಪ್ಲಗ್ ಎಳ್ದೆ. ಆಮೇಲೆ ಎಣಿಸೋಕೆ ಏನೂ ಸಿಗ್ಲಿಲ್ಲ, ಒಂದು ಟಪ್, ಕಣ್ಣೆಲ್ಲ ಬಿಳಿ, ಅದ್ರ ಜೊತೆಗೇ ಸದ್ದು. ದೂರದ ಗುಡುಗು ಉರುಳೋದು ಯಾಕಂದ್ರೆ ಮಿಂಚಿನ ಎಳೆ ಕಿಲೋಮೀಟರ್‌ಗಟ್ಟಲೆ ಉದ್ದ, ಹತ್ರದ ತುಂಡಿನ ಸದ್ದು ಮೊದ್ಲು ಬರ್ತದೆ, ಮೇಲಿನದ್ದು ಲೇಟು, ಅದಕ್ಕೆ ನಮ್ಮ ಬೆಟ್ಟಗಳು ಬೇರೆ ಸೇರ್ಕೋತವೆ. ಪಕ್ಕದಲ್ಲೇ ಬಿದ್ರೆ ಉರುಳಲ್ಲ, ತಗಡು ಹರ್ದ ಹಾಗೆ. ಗಾಳಿ ಸುಮಾರು 30,000 ಡಿಗ್ರಿಗೆ ಕಾದು ಒಮ್ಮೆಲೇ ಉಬ್ಬಿ ಸಿಡಿಯೋ ಸದ್ದು ಅದು.

ಬಿದ್ದಿದ್ದು ಮನೆಗಲ್ಲ, ಕಣದ ಪಕ್ಕದ ಸಿಲ್ವರ್ ಓಕಿಗೆ. ಮಳೆ ನಿಂತ ಮೇಲೆ ಹೋಗಿ ನೋಡಿದ್ರೆ ತುದಿಯಿಂದ ಬುಡದ ತನಕ ಅಂಗೈ ಅಗಲದ ಸಿಪ್ಪೆ ಎದ್ದು ಹೋಗಿ ಒಳಗಿನ ಬಿಳಿ ಕಾಣ್ತಿತ್ತು, ಒಳಗಿನ ನೀರು ಆವಿಯಾಗಿ ಸಿಡ್ದಿದ್ದು, ಸಿಪ್ಪೆ ತುಂಡು ಇಪ್ಪತ್ತಡಿ ಆಚೆ ಕಾಫಿ ಗಿಡದ ಮೇಲೆ ನೇತಾಡ್ತಿತ್ತು. ವಾರದಲ್ಲಿ ಆ ಮರದ ಮೆಣಸಿನ ಬಳ್ಳಿ ಕಪ್ಪಾಯ್ತು. ಕಣದಲ್ಲಿ ಕಾಫಿ ಕಾಯೋಕೆ ಅಂತ ಹಾಕಿದ್ದ ಕ್ಯಾಮೆರಾದಿಂದ ಮನೆಗೆ ಉದ್ದದ ಕೇಬಲ್ ಉಂಟಲ್ಲ, ಅದೇ ದಾರಿಯಲ್ಲಿ ಒಳಗೆ ಬಂದಿದೆ, ರೆಕಾರ್ಡರ್, ರೌಟರ್ ಎರಡೂ ಹೋದ್ವು. ರೌಟರಿನ ಪೋರ್ಟ್ ಸುತ್ತ ಮಸಿ, ಸುಟ್ಟ ವಾಸ್ನೆ ಎರಡು ದಿನ ಇತ್ತು. ಪ್ಲಗ್ ಎಳ್ದಿದ್ದ ಟಿವಿ ಬದುಕ್ತು.

ನ್ಯಾಯಕ್ಕೆ ಹೇಳ್ಬೇಕಂದ್ರೆ ಇದಕ್ಕೆ ಅರೆಸ್ಟರ್ ಬೈಯೋ ಹಾಗಿಲ್ಲ, ಅದರ ಮೇಲೆ ಬೀಳ್ಲೇ ಇಲ್ಲ. ಆದ್ರೆ ಕೊಟೇಶನ್ ಬರೆಯುವಾಗ ಹೊರಗಿಂದ ಮನೆಯೊಳಗೆ ಯಾವ್ಯಾವ ವೈರ್ ಬರ್ತದೆ ಅಂತ ಒಂದು ಮಾತು ಕೇಳ್ಬೇಕಿತ್ತು, ಮೀಟರ್ ಬೋರ್ಡಿಗೆ, ಕೇಬಲಿಗೆ ಸರ್ಜ್ ಪ್ರೊಟೆಕ್ಟರ್ (ವೈರಲ್ಲಿ ಒಮ್ಮೆಲೇ ಏರಿ ಬರೋ ವೋಲ್ಟನ್ನ ಅರ್ತಿಗೆ ತಿರುಗಿಸೋ ಸಾಧನ) ಹಾಕ್ಬೇಕಿತ್ತು. ಈ ಸಲ ಸುಟ್ಟ ರೌಟರ್ ಫೋಟೋ ಕಳ್ಸಿದೆ, ಎರಡನೇ ದಿನಕ್ಕೆ ಓನರ್ರೇ ಬಂದ್ರು. ಇನ್ನೊಂದು ಗುಂಡಿ, ಉದ್ದದ ರಾಡು, ಉಪ್ಪಿನ ಬದ್ಲು ಬೆಂಟೋನೈಟ್ ಮಣ್ಣು (ಇದು ತೇವ ಹಿಡ್ಕೊಂಡಿರ್ತದೆ, ಉಪ್ಪಿನ ತರ ಮಳೆಗೆ ತೊಳ್ದು ಹೋಗಲ್ಲ), ಎಲ್ಲ ಅರ್ತು ಒಂದಕ್ಕೊಂದು ಜೋಡ್ಸಿ, ಬೋರ್ಡಿಗೂ ಕ್ಯಾಮೆರಾ ಲೈನಿಗೂ ಪ್ರೊಟೆಕ್ಟರ್. ಸಾಮಾನಿಗೆ 9,500 ತಗೊಂಡ್ರು, ಕೂಲಿ ಬಿಟ್ರು. ಈ ವರ್ಷ ಮಾರ್ಚಲ್ಲಿ ನೀರು ಹುಯ್ಯದೆ ನೋಡಿದ್ವಿ, 6.

ಅವ್ರ ಹುಡುಗ ಜೂನ್ ಬರೋದ್ರೊಳಗೆ ಹಾಕ್ಸಿ, ಮಳೆಗಾಲದಲ್ಲಿ ಸಿಡಿಲು ಜಾಸ್ತಿ ಅಂತ ಎಲ್ರಿಗೂ ಹೇಳ್ಕೊಂಡು ತಿರುಗ್ತಾನೆ, ಅದು ಉಲ್ಟಾ. ಜೂನ್ ಜುಲೈನಲ್ಲಿ ನಮ್ಮಲ್ಲಿ ಮಳೆ ಬಕೆಟಲ್ಲಿ ಹುಯ್ದ ಹಾಗೆ ಬಂದ್ರೂ ಮೋಡ ಅಷ್ಟೆತ್ತರ ಏಳಲ್ಲ, ಒಳಗೆ ಹಿಮ ಕಮ್ಮಿ, ಗುಡುಗೂ ಕಮ್ಮಿ. ಕಾಟ ಇರೋದು ಏಪ್ರಿಲ್ ಮೇನಲ್ಲಿ, ಆಮೇಲೆ ಅಕ್ಟೋಬರ್ ಕಡೆ. ಏಪ್ರಿಲ್ ಅಂದ್ರೆ ಮೆಣಸು ಕೊಯ್ಲಿನ ಕೊನೆ ಟೈಮು, ಜನ ಅಲ್ಯೂಮಿನಿಯಂ ಏಣಿ ಇಟ್ಕೊಂಡು ಮರದ ಮೇಲಿರ್ತಾರೆ. ಅವ್ರಿಗೆ ಮನೆ ಮೇಲಿನ ಕಡ್ಡಿಯಿಂದ ಮೂರು ಕಾಸಿನ ಉಪಯೋಗ ಇಲ್ಲ, ಅದು ಕಾಯೋದು ಮನೆಗೆ ಕೊಡೆ ಹಿಡಿದ ಹಾಗೆ ಅದರ ಕೆಳಗಿನ ಜಾಗ ಅಷ್ಟೇ, ಕಣಕ್ಕೂ ಮುಟ್ಟಲ್ಲ. ಅದಕ್ಕೆ ಮೇಸ್ತ್ರಿ ಮೊಬೈಲಿಗೆ ದಾಮಿನಿ ಆ್ಯಪ್ ಹಾಕ್ಕೊಟ್ಟಿದೀನಿ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವ್ರು ಮಾಡಿರೋದು, ಹತ್ರದಲ್ಲಿ ಎಲ್ಲಿ ಮಿಂಚ್ತಿದೆ ಅಂತ ತೋರಿಸ್ತದೆ, ಫ್ರೀ. ಮೊದಲ ಗುಡುಗು ಕೇಳಿದ್ರೆ ಏಣಿ ಇಳ್ಸಿ ಒಳಗೆ ಬನ್ನಿ ಅಂತ ಹೇಳಿದೀನಿ, ಕೊನೆ ಗುಡುಗಾಗಿ ಅರ್ಧ ಗಂಟೆ ತನಕ ಹೊರಗೆ ಹೋಗೋ ಹಾಗಿಲ್ಲ. ಮರದ ಬುಡದಲ್ಲಂತೂ ನಿಲ್ಲೋದೇ ಬೇಡ.

ಸ್ಟಾರ್ ಮೇಲೆ ಬರ್ದಾಗಿದೆ, ರಿಪೇರಿಗೆ ಬಂದಿದ್ದಕ್ಕೆ ಇನ್ನರ್ಧ ಸೇರಿಸ್ಕೊಳ್ಳಿ. ಲೈನ್‌ಮನೆಗೂ ಇವ್ರ ಹತ್ರಾನೇ ಕೊಟೇಶನ್ ಕೇಳಿದೀನಿ. ಮೊನ್ನೆ ಅದೇ ಹುಡುಗ ಅಳತೆ ತಗೊಳ್ಳೋಕೆ ಬಂದಿದ್ದ, ನಲ್ಲಿ ಹತ್ರ ಇದ್ದ ಬಕೆಟ್ಟನ್ನ ಎತ್ತಿ ಒಳಗಿಟ್ಟೆ, ನೋಡಿ ನಕ್ಕ.