ಮಗು ಬೇಕೇ ಎಂದು ಕೇಳದೆ ಚುಚ್ಚಿದ ಟೆಸ್ಟೋಸ್ಟೆರಾನ್

ಮುಂದೆ ಮಕ್ಕಳು ಬೇಕು ಎಂದುಕೊಂಡಿರುವ ಗಂಡಸರು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್‌ಗೆ ಒಪ್ಪುವ ಮೊದಲು ದಯವಿಟ್ಟು ಇದನ್ನು ಓದಿ. ಗಂಡಸುತನ ಹೆಚ್ಚುತ್ತದೆ ಎಂದು ಹೇಳಿ ಕೊಡುವ ಈ ಇಂಜೆಕ್ಷನ್ ವೀರ್ಯಾಣುಗಳನ್ನು ಸೊನ್ನೆಗೆ ಇಳಿಸಬಲ್ಲದು. ದಾವಣಗೆರೆಯಲ್ಲಿ ನನಗೆ ಅದನ್ನು ಕೊಟ್ಟವರು ಈ ಮಾತನ್ನು ಹೇಳಲಿಲ್ಲ. ನನ್ನ ಹೆಸರು ಹಾಕುತ್ತಿಲ್ಲ, ನಾಳೆ ಬೆಳಿಗ್ಗೆ ಮಂಡಿಯಲ್ಲಿ ಕುಳಿತು ವ್ಯಾಪಾರ ಮಾಡಬೇಕಾದವನು ನಾನು. ಆ ಚಿಕಿತ್ಸಾಲಯದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ವ್ಯಾಪಾರ ನನ್ನದು. ವಯಸ್ಸು 39, ಒಬ್ಬಳು ಮಗಳಿದ್ದಾಳೆ. ಸುಗ್ಗಿಯಲ್ಲಿ ನಿದ್ದೆ ಅಷ್ಟಕ್ಕಷ್ಟೇ, ಊಟ ಹೊತ್ತಲ್ಲದ ಹೊತ್ತಿನಲ್ಲಿ, ಹೊಟ್ಟೆಯೂ ಮುಂದೆ ಬಂದಿತ್ತು. ಇನ್ನೊಂದು ಮಗು ಆಗಲಿ ಎಂದು ಮನೆಯಲ್ಲಿ ಮಾತು ಶುರುವಾದ ಹೊತ್ತಿಗೇ ನನ್ನ ಆಸಕ್ತಿ ಕುಗ್ಗಿತ್ತು, ನಿಮಿರುವಿಕೆ ಪದೇ ಪದೇ ಕೈಕೊಡುತ್ತಿತ್ತು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ ತಜ್ಞರು, ತಿಂಗಳ ಮೊದಲ ಭಾನುವಾರ ಲಾಡ್ಜ್‌ನಲ್ಲಿ ಲಭ್ಯ’ ಎಂದು ಅಂಟಿಸಿರುತ್ತಾರಲ್ಲ, ಅಂಥವರ ಬಳಿ ಹೋಗಬಾರದೆಂಬ ಬುದ್ಧಿ ನಮ್ಮೂರಿನಲ್ಲಿ ಎಲ್ಲರಿಗೂ ಇದೆ. ಅಂಥ ಜಾಹೀರಾತುಗಳನ್ನು 1954ರ ಕಾಯ್ದೆಯೊಂದು ಆಗಲೇ ನಿಷೇಧಿಸಿದೆ, ಗೋಡೆಗಳಿಗೆ ಮಾತ್ರ ಅದು ಇನ್ನೂ ತಲುಪಿಲ್ಲ. ನಾನು ಹೋದ ಜಾಗ ಹಾಗಿರಲಿಲ್ಲ. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಗೋಡೆಗೆ ಚೌಕಟ್ಟು ಹಾಕಿದ ಪದವಿ ಪತ್ರಗಳು. ನಂಬಿಕೆ ಹುಟ್ಟಿಸಲು ಏನೇನು ಬೇಕೋ ಅಷ್ಟೂ ಇತ್ತು.

ಮಧ್ಯಾಹ್ನದ ಊಟ ಮುಗಿಸಿ ನಾಲ್ಕು ಗಂಟೆಯ ಸುಮಾರಿಗೆ ಹೋಗಿದ್ದೆ. ಆಗಲೇ ರಕ್ತ ತೆಗೆದರು. ವರದಿಯಲ್ಲಿ ಟೆಸ್ಟೋಸ್ಟೆರಾನ್ ಪ್ರತಿ ಡೆಸಿಲೀಟರ್‌ಗೆ 286 ನ್ಯಾನೋಗ್ರಾಂ. “ಮುನ್ನೂರಕ್ಕಿಂತ ಕಡಿಮೆ ಇದೆ, ಸಾಹುಕಾರರೇ. ಆರು ವಾರ ಕೊಡಿ, ಹೊಸ ಮದುಮಗನಾಗುತ್ತೀರಿ” ಎಂದರು. ಈ ಹಾರ್ಮೋನ್ ಬೆಳಗಿನ ಹೊತ್ತು ಹೆಚ್ಚಿದ್ದು ಸಂಜೆಯ ಕಡೆಗೆ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ, ನಿದ್ದೆಗೆಟ್ಟರೂ ಜ್ವರ ಬಂದರೂ ಇಳಿಯುತ್ತದೆ. ಅದಕ್ಕಾಗಿಯೇ ಬೆಳಿಗ್ಗೆ ಬೇಗ ತೆಗೆದ ರಕ್ತದಲ್ಲಿ, ಅದೂ ಬೇರೆ ಬೇರೆ ದಿನ ಎರಡು ಬಾರಿ ಕಡಿಮೆ ಬಂದರೆ ಮಾತ್ರ ಕೊರತೆ ಎಂದು ಪರಿಗಣಿಸಬೇಕು. 300 ಎಂಬ ಗಡಿಯನ್ನು ಹಾಕಿಕೊಟ್ಟ ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2018ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಸಂಖ್ಯೆಯನ್ನು ಅಲ್ಲಿಂದ ತೆಗೆದುಕೊಂಡವರು ಅದರ ಪಕ್ಕದ ಷರತ್ತನ್ನು ಅಲ್ಲಿಯೇ ಬಿಟ್ಟು ಬಂದಿದ್ದರು. ಕೊರತೆ ಏಕೆ ಎಂದು ತಿಳಿಯಲು ಎಲ್‌ಎಚ್, ಪ್ರೊಲ್ಯಾಕ್ಟಿನ್ ಮುಂತಾದ ಬೇರೆ ಹಾರ್ಮೋನುಗಳನ್ನೂ ನೋಡಬೇಕು. ಅವನ್ನು ನೋಡಲಿಲ್ಲ, ಸಕ್ಕರೆಯನ್ನೂ ನೋಡಲಿಲ್ಲ.

ವರದಿ ಬಂದ ಸಂಜೆಯೇ ಮೊದಲ ಇಂಜೆಕ್ಷನ್. ಎಣ್ಣೆಯಲ್ಲಿ ಕರಗಿಸಿದ ಔಷಧ ಅದು. ಅಲ್ಲಿನ ಹುಡುಗ ಪುಟ್ಟ ಗಾಜಿನ ಆಂಪೂಲನ್ನು ಎರಡು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ, ಕುತ್ತಿಗೆ ಮುರಿದು, ದಪ್ಪ ಸೂಜಿಯಿಂದ ಎಳೆದುಕೊಂಡ. ಎಣ್ಣೆ ಸಿರಿಂಜಿಗೆ ಏರಲು ಎಷ್ಟು ಹೊತ್ತು ಹಿಡಿಯಿತೋ ನನ್ನ ಪೃಷ್ಠದೊಳಗೆ ಇಳಿಯಲೂ ಅಷ್ಟೇ ಹೊತ್ತು ಹಿಡಿಯಿತು. ಮರುದಿನ ಗದ್ದಿಗೆಯ ಮೇಲೆ ಒಂದು ಮಗ್ಗುಲಿಗೆ ವಾಲಿಕೊಂಡೇ ಲೆಕ್ಕ ಬರೆದೆ.

ಆಸಕ್ತಿ ಮರಳಿದ್ದು ನಿಜ, ಆ ಮಟ್ಟಿಗೆ ಸುಳ್ಳು ಹೇಳುವುದಿಲ್ಲ. ಈ ಚಿಕಿತ್ಸೆಯಲ್ಲಿ ಕಾಮಾಸಕ್ತಿ ಸಾಮಾನ್ಯವಾಗಿ ಮೂರನೆಯ ವಾರದ ಆಸುಪಾಸಿನಲ್ಲಿ ಏರತೊಡಗಿ ಆರನೆಯ ವಾರದ ಹೊತ್ತಿಗೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ನಿಮಿರುವಿಕೆಯ ವಿಷಯ ಬೇರೆ. ಅದು ಸುಧಾರಿಸುವುದಾದರೂ ಆರು ತಿಂಗಳವರೆಗೆ ಹಿಡಿಯಬಹುದು, ರಕ್ತನಾಳದ ತೊಂದರೆ ಇದ್ದರೆ ಹಾರ್ಮೋನ್ ಒಂದರಿಂದಲೇ ಸುಧಾರಿಸುವುದೂ ಇಲ್ಲ. 65 ದಾಟಿದ 790 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಆಸಕ್ತಿ ಹೆಚ್ಚಿತು, ಆದರೆ ನಿಮಿರುವಿಕೆಯಲ್ಲಿ ಕಂಡ ಲಾಭ ಸಿಲ್ಡೆನಾಫಿಲ್ (ವಯಾಗ್ರ) ಬಗೆಯ ಮಾತ್ರೆಗಳಿಂದ ಸಿಗುವುದಕ್ಕಿಂತ ಕಡಿಮೆಯಿತ್ತು. ನನಗೆ ಆದದ್ದೂ ಅದೇ: ಮನಸ್ಸು ಓಡುತ್ತಿತ್ತು, ದೇಹ ಜೊತೆಗೆ ಬರುತ್ತಿರಲಿಲ್ಲ. ಇದನ್ನು ಹೇಳಿದಾಗ ಚಿಕಿತ್ಸಾಲಯದವರು ಇಂಜೆಕ್ಷನ್‌ಗಳ ನಡುವಿನ ಅಂತರವನ್ನು ಮೂರು ವಾರದಿಂದ ಎರಡು ವಾರಕ್ಕೆ ಇಳಿಸಿದರು. ಚುಚ್ಚಿಸಿಕೊಂಡ ಮೊದಲ ದಿನಗಳಲ್ಲಿ ಹಮಾಲರ ಮೇಲೂ ರೈತರ ಮೇಲೂ ವಿನಾಕಾರಣ ರೇಗುತ್ತಿದ್ದೆ, ಬೆನ್ನ ತುಂಬ ಮೊಡವೆ. ಮುಂದಿನ ಇಂಜೆಕ್ಷನ್ ಹತ್ತಿರವಾಗುವಾಗ ಯಾವುದೂ ಬೇಡವೆನಿಸುವ ಜೋಮು. ವೃಷಣಗಳು ಚಿಕ್ಕದಾಗುತ್ತಿವೆ ಎಂದು ಸಂಕೋಚ ಬಿಟ್ಟು ಹೇಳಿದೆ. “ಅದೆಲ್ಲ ಭ್ರಮೆ” ಎಂಬ ಉತ್ತರ ಬಂತು.

ಅದು ಭ್ರಮೆಯಲ್ಲ. ವೃಷಣಗಳಿಗೆ ಕೆಲಸ ಮಾಡಿ ಎಂದು ಹೇಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳ ಮೂಲಕ. ಹೊರಗಿನ ಮಾಲು ಲಾರಿಗಟ್ಟಲೆ ಬಂದು ಇಳಿಯುತ್ತಿದ್ದರೆ ಮಂಡಿಯವನು ಊರ ರೈತನಿಗೆ ಮಾಲು ತಾ ಎಂದು ಹೇಳಿಕಳುಹಿಸುವುದಿಲ್ಲ. ಇಲ್ಲಿಯೂ ಹಾಗೆಯೇ: ರಕ್ತದಲ್ಲಿ ಹೊರಗಿನ ಟೆಸ್ಟೋಸ್ಟೆರಾನ್ ಹೇರಳವಾಗಿ ಕಂಡೊಡನೆ ಪಿಟ್ಯುಟರಿ ತನ್ನ ಆದೇಶ ನಿಲ್ಲಿಸುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಇರಬೇಕು, ಆದೇಶ ನಿಂತರೆ ಅದು ಕುಸಿಯುತ್ತದೆ. ರಕ್ತದ ವರದಿ ಚಂದವಾಗಿ ಕಾಣುತ್ತಿರುವಾಗಲೇ ವೀರ್ಯ ಬರಿದಾಗುವುದು ಹೀಗೆ. ವಿಶ್ವ ಆರೋಗ್ಯ ಸಂಸ್ಥೆ ನನಗೆ ಚುಚ್ಚುತ್ತಿದ್ದ ಟೆಸ್ಟೋಸ್ಟೆರಾನ್ ಎನಾಂಥೇಟ್ ಎಂಬ ಇದೇ ಔಷಧವನ್ನು ವಾರಕ್ಕೆ 200 ಮಿಲಿಗ್ರಾಂನಂತೆ ಕೊಟ್ಟು ಪುರುಷರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು, 1990ರಲ್ಲಿಯೇ ಫಲಿತಾಂಶ ಪ್ರಕಟವಾಗಿದೆ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಗಿತ್ತು. ಎರಡನೆಯ ಮಗುವಿಗಾಗಿ ಕಾಯುತ್ತಿದ್ದ ನನಗೆ ಕೊಟ್ಟದ್ದು ಇದನ್ನು!

ಆ ಹೊತ್ತಿನಲ್ಲಿ ಮನೆಯಲ್ಲಿ ನಡೆಯುತ್ತಿದ್ದುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮಗು ನಿಲ್ಲುತ್ತಿಲ್ಲ ಎಂದು ನನ್ನ ಹೆಂಡತಿಗೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್, ಬಣ್ಣದ ದ್ರಾವಣ ಬಿಟ್ಟು ಗರ್ಭನಾಳದ ಎಕ್ಸ್‌-ರೇ. ಅವ್ವ ದುಗ್ಗಮ್ಮನಿಗೆ ಹರಕೆ ಹೊತ್ತಳು, ನೆಂಟರು ಸೊಸೆಯ ತೂಕದ ಬಗ್ಗೆ ಮಾತಾಡಿದರು. ಕೊನೆಗೆ ಅವಳನ್ನು ನೋಡುತ್ತಿದ್ದ ಸ್ತ್ರೀರೋಗ ತಜ್ಞೆಯೇ “ಇವರನ್ನು ಎಷ್ಟು ಅಂತ ಪರೀಕ್ಷಿಸಲಿ? ನಿಮ್ಮ ವೀರ್ಯ ಪರೀಕ್ಷೆ ಎಲ್ಲಿ?” ಎಂದು ಕೇಳಿದರು. ವರದಿಯ ಸಂಖ್ಯೆಯ ಕಾಲಂನಲ್ಲಿ ‘ಇಲ್ಲ’ ಎಂದಿತ್ತು. “ಯಾವುದಾದರೂ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ?” ಎಂಬುದೇ ಅವರ ಮುಂದಿನ ಪ್ರಶ್ನೆ. ಒಂದೇ ಮಾತಿನಲ್ಲಿ ಅವರಿಗೆ ಹೊಳೆದದ್ದು ಗಾಜಿನ ಬಾಗಿಲಿನವರಿಗೆ ಅಷ್ಟು ತಿಂಗಳು ಹೊಳೆದಿರಲಿಲ್ಲ, ಅಥವಾ ಹೊಳೆಯುವುದು ಅವರಿಗೆ ಬೇಕಿರಲಿಲ್ಲ.

ಅವರು ಕಳುಹಿಸಿದ ಮೂತ್ರರೋಗ ತಜ್ಞರು ಮತ್ತೆ ಎಲ್ಲ ಪರೀಕ್ಷೆ ಮಾಡಿಸಿದರು. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ 55. ಶೇ 54 ದಾಟಿದರೆ ಈ ಔಷಧ ನಿಲ್ಲಿಸಬೇಕು ಅಥವಾ ಪ್ರಮಾಣ ಇಳಿಸಬೇಕು, ರಕ್ತ ಗಟ್ಟಿಯಾಗುವುದು ಆಟದ ಮಾತಲ್ಲ. ಇದನ್ನು ಚಿಕಿತ್ಸೆ ಶುರುವಾದ ಮೂರರಿಂದ ಆರು ತಿಂಗಳೊಳಗೆ ನೋಡಲೇಬೇಕು ಎಂದರು. ನನಗೆ ಒಮ್ಮೆಯೂ ನೋಡಿರಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್ಬಿಎ1ಸಿ) ಶೇ 8.6, ಅಂದರೆ ಸಕ್ಕರೆ ಕಾಯಿಲೆ. ನಿಮಿರುವಿಕೆ ಕೈಕೊಡುತ್ತಿದ್ದುದರ ಬೇರು ಬಹುಮಟ್ಟಿಗೆ ಅಲ್ಲಿತ್ತು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಸಕ್ಕರೆ, ರಕ್ತದೊತ್ತಡ, ಬೀಡಿ ಸಿಗರೇಟುಗಳ ಪೆಟ್ಟು ಮೊದಲು ಅಲ್ಲಿ ಕಾಣಿಸಿಕೊಳ್ಳುತ್ತದೆ, ಹೃದಯದ ತೊಂದರೆ ಕೆಲವು ವರ್ಷಗಳ ನಂತರ ಬರಬಹುದು. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಟೆಸ್ಟೋಸ್ಟೆರಾನನ್ನೂ ತಗ್ಗಿಸುತ್ತವೆ. ಕಾರಣವನ್ನು ಹಾಗೆಯೇ ಬಿಟ್ಟು ವರದಿಯ ಸಂಖ್ಯೆಗೆ ಔಷಧ ಚುಚ್ಚಿದ್ದರು.

ಇಂಜೆಕ್ಷನ್ ನಿಲ್ಲಿಸಿದ ಮೇಲಿನ ತಿಂಗಳುಗಳ ಬಗ್ಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಹೊರಗಿನದು ನಿಂತಿತು, ಒಳಗಿನದು ಇನ್ನೂ ಎದ್ದಿರಲಿಲ್ಲ. ಚಿಕಿತ್ಸೆಗೆ ಮುಂಚೆ ಇದ್ದ ಅಲ್ಪಸ್ವಲ್ಪ ಆಸಕ್ತಿಯೂ ಹೋಯಿತು. ಬೆಳಗಿನ ಹೊತ್ತು ತಾನಾಗಿ ಆಗುತ್ತಿದ್ದ ನಿಮಿರುವಿಕೆ ಇಲ್ಲ, ಮೈಯಲ್ಲಿ ಕಸುವಿಲ್ಲ, ಸಣ್ಣ ಮಾತಿಗೂ ಕಣ್ಣು ತುಂಬುತ್ತಿತ್ತು. ಆಗ ಹಳೆಯ ಚಿಕಿತ್ಸಾಲಯದಿಂದ ಫೋನ್: “ನೋಡಿ, ನಿಲ್ಲಿಸಿದ್ದಕ್ಕೇ ಹೀಗಾಗಿದೆ, ಬಂದುಬಿಡಿ.” ಎಷ್ಟೋ ಜನ ಈ ಹಂತದಲ್ಲಿಯೇ ಮರಳಿ ಹೋಗಿ ಬಿದ್ದುಕೊಳ್ಳುತ್ತಾರಂತೆ. ನಾನು ಹೋಗಲಿಲ್ಲ. ಹೆಂಡತಿ ಫೋನ್ ಕಸಿದುಕೊಂಡು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ವೃಷಣಗಳನ್ನು ಎಬ್ಬಿಸಲು ತಜ್ಞರು ಎಚ್‌ಸಿಜಿ ಇಂಜೆಕ್ಷನ್ ಮತ್ತು ಕ್ಲೋಮಿಫೀನ್ ಮಾತ್ರೆ ಕೊಟ್ಟರು. ಹೆಂಗಸರಿಗೆ ಅಂಡೋತ್ಪತ್ತಿಗೆಂದು ಕೊಡುವ ಮಾತ್ರೆಯಾದ್ದರಿಂದ ಔಷಧ ಅಂಗಡಿಯವನು ಚೀಟಿಯನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದ. ಒಂದು ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು, ಹಾಗಾಗಿ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎದೆ ಬಡಿದುಕೊಳ್ಳಬೇಡಿ ಎಂದರು. ಹೆಚ್ಚಿನವರಲ್ಲಿ ಆರು ತಿಂಗಳಿಂದ ವರ್ಷದೊಳಗೆ ಮರಳುತ್ತದೆ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ಸಕ್ಕರೆಗೆ ಔಷಧ, ಬೆಳಿಗ್ಗೆ ಕುಂದವಾಡ ಕೆರೆಯ ಸುತ್ತ ನಡಿಗೆ, ರಾತ್ರಿ ಬೆಣ್ಣೆ ದೋಸೆಗೆ ಕತ್ತರಿ. ನಿಮಿರುವಿಕೆಗೆ ಮಾತ್ರೆಯನ್ನೂ ಅವರೇ ಬರೆದುಕೊಟ್ಟರು. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಇದನ್ನು ಮುಟ್ಟಲೇಬಾರದು, ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಮರಳಿದ್ದು ಬೆಳಗಿನ ನಿಮಿರುವಿಕೆ, ಆಮೇಲೆ ನಿಧಾನವಾಗಿ ಆಸಕ್ತಿ. ಈಗ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ನನ್ನದೇ ಟೆಸ್ಟೋಸ್ಟೆರಾನ್ 418 ಇದೆ, ತೂಕ ಇಳಿದದ್ದೂ ಅದಕ್ಕೆ ಕಾರಣವಿರಬಹುದು. ವೀರ್ಯಾಣು ಪ್ರತಿ ಮಿಲಿಲೀಟರ್‌ಗೆ 90 ಲಕ್ಷಕ್ಕೆ ಬಂದಿದೆ, ವಿಶ್ವ ಆರೋಗ್ಯ ಸಂಸ್ಥೆಯ ಕೆಳಗಿನ ಗಡಿ 1 ಕೋಟಿ 60 ಲಕ್ಷ. ಮಗು ಇನ್ನೂ ಆಗಿಲ್ಲ.

ಟೆಸ್ಟೋಸ್ಟೆರಾನ್ ಚಿಕಿತ್ಸೆಯೇ ಮೋಸ ಎಂದು ನಾನು ಹೇಳುತ್ತಿಲ್ಲ. ಪಿಟ್ಯುಟರಿಯಲ್ಲಿ ಗಡ್ಡೆ ಇದ್ದವರಿಗೆ, ವೃಷಣ ಕಳೆದುಕೊಂಡವರಿಗೆ, ಹುಟ್ಟಿನಿಂದಲೇ ಕೊರತೆ ಇರುವವರಿಗೆ ಅದು ಬದುಕನ್ನೇ ಮರಳಿಸುತ್ತದೆ. ಹೃದಯದ ಅಪಾಯವಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ ಎಂಬುದೂ ನಿಜ. ಎದೆಬಡಿತದ ಲಯ ತಪ್ಪುವುದು ಮತ್ತು ಶ್ವಾಸಕೋಶಕ್ಕೆ ಹೆಪ್ಪುಗಟ್ಟಿದ ರಕ್ತ ಸೇರುವುದು ಹೆಚ್ಚಿತು ಎಂಬುದನ್ನೂ ಅದರ ಜೊತೆಗೇ ಓದಬೇಕು. ಆದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಔಷಧವನ್ನು ಜಿಮ್‌ಗಳಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು ತೋಳು ದಪ್ಪವಾಗಲೆಂದು ಚುಚ್ಚಿಕೊಳ್ಳುತ್ತಿದ್ದಾರೆ. ಗರಡಿ ಮನೆಗಳ ಊರು ನಮ್ಮದು, ಮಟ್ಟಿ ಮಣ್ಣಿನಲ್ಲಿ ಮೈ ಬೆಳೆಸಿದವರು ಇಲ್ಲಿ ಇನ್ನೂ ಇದ್ದಾರೆ. ಆ ಹುಡುಗರಿಗೆ ಮದುವೆಯಾಗಿ ಮಗು ಬೇಕೆನಿಸುವ ಹೊತ್ತಿಗೆ ಇದು ನೆನಪೂ ಇರುವುದಿಲ್ಲ.

ಈಗಾಗಲೇ ತೆಗೆದುಕೊಳ್ಳುತ್ತಿರುವವರು ನನ್ನ ಬರಹ ಓದಿ ದಿಢೀರನೆ ನಿಲ್ಲಿಸಬೇಡಿ, ಮೊದಲು ಮೂತ್ರರೋಗ ಅಥವಾ ಹಾರ್ಮೋನ್ ತಜ್ಞರನ್ನು ಕಾಣಿ. ಮತ್ತು ಬಿಲ್ ಕೇಳಿ ಪಡೆಯಿರಿ. ಖಾಸಗಿ ಆಸ್ಪತ್ರೆಗಳ ವಿರುದ್ಧದ ದೂರು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗುತ್ತದೆ, ನಾನೂ ಕೊಟ್ಟಿದ್ದೇನೆ. ಅಲ್ಲಿ ಕೇಳಿದ ಮೊದಲ ದಾಖಲೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದು. ನನ್ನ ಬಳಿ ಇದ್ದ ಎಲ್ಲ ಬಿಲ್ಲುಗಳಲ್ಲಿಯೂ ‘ಪುರುಷ ಸ್ವಾಸ್ಥ್ಯ ಪ್ಯಾಕೇಜ್’ ಎಂದಷ್ಟೇ ಇತ್ತು. ಒಮ್ಮೆ ಊರಿಗೆ ಹೋಗುವುದಿದೆ ಎಂದು ಕೈಗೆ ಕೊಟ್ಟು ಕಳುಹಿಸಿದ್ದ ಇಂಜೆಕ್ಷನ್‌ನ ಖಾಲಿ ಪೆಟ್ಟಿಗೆ ಬೀರುವಿನಲ್ಲಿ ಉಳಿದಿತ್ತು. ಔಷಧದ ಹೆಸರು, ಬ್ಯಾಚ್ ಸಂಖ್ಯೆ ಸಿಕ್ಕಿದ್ದು ಅದರಿಂದ. ನಿಮಗೆ ಚುಚ್ಚುವ ಪ್ರತಿ ಆಂಪೂಲಿನ ಪೆಟ್ಟಿಗೆಯನ್ನೂ ಕೇಳಿ ಮನೆಗೆ ತನ್ನಿ. ಕೊಡುವುದಿಲ್ಲ ಎಂದರೆ ಚುಚ್ಚಿಸಿಕೊಳ್ಳದೆ ಎದ್ದು ಬನ್ನಿ.