ಮೇಣದ ಹಲ್ಲು ಕೆತ್ತುವ ಸೆಟ್: ಬಿಡಿಎಸ್ ಸೇರುವ ಮೊದಲೇ ತೆಗೆದುಕೊಳ್ಳಿ

ಈ ಸಲ ನನ್ನ ಚಿಕ್ಕಮ್ಮನ ಮಗಳಿಗೆ ಬಿಡಿಎಸ್ (ದಂತವೈದ್ಯ ಪದವಿ) ಸೀಟು ಸಿಕ್ಕಿತು. ಅದೇ ದಿನ ರಾತ್ರಿ ಫೋನು. "ಅಕ್ಕಾ, ಕಾರ್ವಿಂಗ್ ಸೆಟ್ ಯಾವುದು ತಗೊಳ್ಳಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ." ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದವಳು. ನಾಲ್ಕು ವರ್ಷದ ಓದು ಮುಗಿಸಿ ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಮೊದಲ ವರ್ಷ ಮೇಣದ ಬ್ಲಾಕಿನಲ್ಲಿ ಹಲ್ಲಿನ ಆಕಾರ ಕೆತ್ತಿ ಕಲಿಯಲು ಕೊಂಡ ಸೆಟ್ ಈಗಲೂ ನನ್ನ ಹತ್ತಿರ ಉಂಟು.

ಮಂಗಳೂರಿನಲ್ಲಿ ಡೆಂಟಲ್ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ತೆಗೆದದ್ದು. ಒಂದು ಜಿಪ್ ಚೀಲ. ಅದರಲ್ಲಿ ವ್ಯಾಕ್ಸ್ ನೈಫ್, ಲೆಕ್ರಾನ್ ಕಾರ್ವರ್, ಹೋಲನ್‌ಬ್ಯಾಕ್ ಕಾರ್ವರ್, ಐದು ಪಿಕೆಟಿ (ಕರಗಿದ ಮೇಣವನ್ನು ಹನಿಹನಿಯಾಗಿ ಹಾಕಿ ಆಕಾರ ಕೊಡುವ ಸಣ್ಣ ಉಪಕರಣಗಳು), ಒಂದು ಪ್ಲಾಸ್ಟಿಕ್ ಸ್ಕೇಲ್. ಮೇಣದ ಬ್ಲಾಕ್ ಬೇರೆಯೇ ತೆಗೆದುಕೊಳ್ಳಬೇಕು. ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಲೆಕ್ರಾನ್. ಒಂದು ತುದಿ ಸಣ್ಣ ಚೂರಿಯ ಹಾಗೆ, ಇನ್ನೊಂದು ತುದಿ ಚಮಚದ ಹಾಗೆ. ಮುಕ್ಕಾಲು ಹಲ್ಲು ಇದರಲ್ಲೇ ಮುಗಿಯುತ್ತದೆ. ವ್ಯಾಕ್ಸ್ ನೈಫಿನ ಮರದ ಹಿಡಿ ಎರಡೇ ತಿಂಗಳಲ್ಲಿ ಸಡಿಲವಾಯಿತು. ಲೆಕ್ರಾನ್‌ನ ಅಲಗು ಮೊಂಡಾದಾಗ ನಮ್ಮ ನೆರೆಮನೆಯ ಆಚಾರಿ ತನ್ನ ಸಾಣೆಕಲ್ಲಿನಲ್ಲಿ ನಾಲ್ಕು ಸಲ ಎಳೆದು ಕೊಟ್ಟರು. ಹೊಸದಕ್ಕಿಂತ ಚೆನ್ನಾಗಾಯಿತು.

ಈ ಸೆಟ್ ಬಗ್ಗೆ ಇಷ್ಟು ಯಾಕೆ ಬರೆಯುತ್ತೇನೆ ಅಂದರೆ, ಇದನ್ನು ಕೈಯಲ್ಲಿ ಹಿಡಿದ ದಿನವೇ ನನಗೆ ಒಂದು ವಿಷಯ ಗೊತ್ತಾಯಿತು. ನಾನು ಬರೆದ ಪ್ರವೇಶ ಪರೀಕ್ಷೆ ನನ್ನ ಕೈಯನ್ನು ನೋಡಿಯೇ ಇರಲಿಲ್ಲ. ನೀಟ್‌ನಲ್ಲಿ 720 ಅಂಕ. ಅದರಲ್ಲಿ 360 ಜೀವಶಾಸ್ತ್ರಕ್ಕೆ, ಉಳಿದದ್ದು ಫಿಸಿಕ್ಸ್ ಮತ್ತು ಕೆಮಿಸ್ಟ್ರಿಗೆ. ತಪ್ಪಿದರೆ ಒಂದು ಅಂಕ ಹೋಗುತ್ತದೆ. ಎರಡು ವರ್ಷ ಅದೇ ಲೆಕ್ಕದಲ್ಲಿ ಓದಿದೆ. ರ‍್ಯಾಂಕ್ ಒಳ್ಳೆಯದೇ ಬಂತು. ಆಮೇಲೆ ಮೇಲಿನ ಎದುರು ಹಲ್ಲು ಕೆತ್ತಲು ಹೇಳಿದರು. ಕಾಣುವ ಭಾಗದ ಉದ್ದ 10.5 ಮಿಲಿಮೀಟರ್, ಬೇರು 13, ಅಗಲ 8.5. ಅಂಕಿಗಳು ನನಗೆ ಬಾಯಿಪಾಠ. ಕೈ ಮಾತ್ರ ಕೇಳಲಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಹಲ್ಲಿನ ಅಂಚು ಪಟಕ್ಕನೆ ಮುರಿಯಿತು. ಪಕ್ಕದಲ್ಲಿ ಕೂತಿದ್ದವಳ ರ‍್ಯಾಂಕ್ ನನಗಿಂತ ತುಂಬಾ ಕೆಳಗೆ, ಅವಳ ಹಲ್ಲು ನಿಜದ ಹಲ್ಲಿನ ಹಾಗೇ ಇತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ಅತ್ತಿದ್ದೇನೆ.

ಅಮೆರಿಕದಲ್ಲಿ ಹಿಂದೆ ಡೆಂಟಲ್ ಪ್ರವೇಶ ಪರೀಕ್ಷೆಯಲ್ಲೇ ಸೀಮೆಸುಣ್ಣ ಕೆತ್ತಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದನ್ನು ಬಿಟ್ಟು, ಆಕಾರಗಳನ್ನು ನೋಡಿ ಗುರುತಿಸುವ ಪ್ರಶ್ನೆಗಳನ್ನು ತಂದರು. ಕೆನಡಾದಲ್ಲಿ ಸಾಬೂನು ಕೆತ್ತಿಸುವುದು ತೀರಾ ಇತ್ತೀಚಿನವರೆಗೂ ಇತ್ತು, ಈಗ ಅದೂ ಇಲ್ಲ. ನಮ್ಮಲ್ಲೂ ಹಾಗೊಂದು ಪರೀಕ್ಷೆ ಬೇಕು ಅಂತ ಮೊದಲ ವರ್ಷ ನಾನು ವಾದ ಮಾಡುತ್ತಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಯಾಕೆಂದರೆ ಕೈ ಪಳಗುತ್ತದೆ. ಮಳೆಗಾಲದ ರಜೆಯಲ್ಲಿ ಊರಿಗೆ ಬಂದು ದಿನಕ್ಕೊಂದು ಹಲ್ಲು ಕೆತ್ತಿದೆ. ಉಂಗುರ ಬೆರಳನ್ನು ಬ್ಲಾಕಿಗೆ ಊರಿ, ಹೆಬ್ಬೆರಳಿನಿಂದ ಮಾತ್ರ ಅಲಗನ್ನು ತಳ್ಳಬೇಕು. ಮಣಿಕಟ್ಟು ಅಲುಗಬಾರದು. ಸುಮಾರು ಮೂವತ್ತನೇ ಹಲ್ಲಿನ ಹೊತ್ತಿಗೆ ಬೆರಳು ತಾನಾಗಿ ಊರತೊಡಗಿತು. ಆ ವರ್ಷದ ಪ್ರಾಕ್ಟಿಕಲ್‌ನಲ್ಲಿ ನನ್ನ ಹಲ್ಲು ಮುರಿಯಲಿಲ್ಲ. ಬಾಗಿಲಲ್ಲೇ ಕೈ ನೋಡಿ ಕಳಿಸಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ, ಅಲ್ವಾ?

ಅಂಕ ಬೇಡ ಅಂತ ನಾನು ಹೇಳುವುದಿಲ್ಲ. ಅನಾಟಮಿ, ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ ಓದುವಾಗ ನೀಟ್‌ಗೆ ಕೂತು ಓದಿದ ಅಭ್ಯಾಸ ಕೈ ಹಿಡಿಯಿತು. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಹೆಚ್ಚಾಗಿ ಇದೇ ಕಾಣುತ್ತದೆ. ಸೇರುವಾಗಿನ ಅಂಕಕ್ಕೂ ಮೊದಲ ವರ್ಷಗಳ ಥಿಯರಿಗೂ ನಂಟು ಉಂಟು. ರೋಗಿಯ ಬಾಯಿಯಲ್ಲಿ ಕೆಲಸ ಮಾಡುವ ವರ್ಷಗಳಿಗೆ ಬಂದಾಗ ಆ ನಂಟು ಸಡಿಲವಾಗುತ್ತದೆ.

ಇನ್ನೊಂದು ಮಾತು. ನಮ್ಮ ಕಾಸರಗೋಡಿನ ಮಕ್ಕಳು ಗಡಿನಾಡ ಕನ್ನಡಿಗರು ಅಂತ ಕರ್ನಾಟಕದ ಸೀಟಿಗೆ ಅರ್ಜಿ ಹಾಕಿದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಕನ್ನಡ ಪರೀಕ್ಷೆ ಬರೆಯಬೇಕು. ಸುಮ್ನೆ ಒಂದು ಶಾಸ್ತ್ರ ಅಂದುಕೊಂಡು ಬರೆದಿದ್ದೆ. ಮೂರನೇ ವರ್ಷ ಒಪಿಡಿಗೆ (ಹೊರರೋಗಿಗಳನ್ನು ನೋಡುವ ವಿಭಾಗ) ಕೂತಾಗ ಅದರ ಬೆಲೆ ಗೊತ್ತಾಯಿತು. ಒಬ್ಬ ಅಜ್ಜಿ ಬಂದು "ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ ಮಗಾ" ಅಂದರೆ ಅದು ಒಂದು ಬಗೆ. "ರಾತ್ರಿ ಮಲಗಿದರೆ ಸಿಡಿಯುತ್ತದೆ" ಅಂದರೆ ಇನ್ನೊಂದು. ಎರಡನೆಯದಾದರೆ ಹುಳುಕು ನರದವರೆಗೆ ಹೋಗಿರುವ ಸಾಧ್ಯತೆ ಜಾಸ್ತಿ. ದೂರದಿಂದ ಬಂದ ನನ್ನ ಬ್ಯಾಚಿನವರು ಎರಡಕ್ಕೂ "ನೋವು" ಅಂತಲೇ ಬರೆಯುತ್ತಿದ್ದರು. ನನಗೆ ಕನ್ನಡ, ತುಳು, ಮಲಯಾಳ ಮೂರೂ ಇದ್ದದ್ದರಿಂದ ಅರ್ಧ ರೋಗ ಮಾತಿನಲ್ಲೇ ಸಿಗುತ್ತಿತ್ತು. ಇದಕ್ಕೆ ನೀಟ್‌ನಲ್ಲಿ ಒಂದಂಕವೂ ಇಲ್ಲ.

ಸೆಟ್ ವಿಷಯಕ್ಕೆ ಬರುತ್ತೇನೆ. ಮೇಣಕ್ಕೆ ನಮ್ಮ ಕಡೆಯ ಸೆಕೆ ಆಗಿಬರುವುದಿಲ್ಲ. ಏಪ್ರಿಲ್, ಮೇ ಮಧ್ಯಾಹ್ನ ಕೂತರೆ ಬ್ಲಾಕ್ ಮೆತ್ತಗಾಗಿ ಅಲಗಿಗೆ ಅಂಟುತ್ತದೆ. ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಜಾಸ್ತಿ ಹೊತ್ತು ಇಟ್ಟರೆ ಚಕ್ಕೆ ಏಳುತ್ತದೆ. ಬೆಳಗ್ಗೆ ಬೇಗ ಕೂರುವುದು ಎಲ್ಲಕ್ಕಿಂತ ಒಳ್ಳೆಯದು.

ಕೆತ್ತಿದ ಚೂರುಗಳನ್ನು ಬಿಸಾಡಬೇಡಿ. ಒಂದು ಸ್ಟೀಲ್ ಲೋಟಕ್ಕೆ ಹಾಕಿ, ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಸಿ ಕರಗಿಸಿ. ಟೂತ್‌ಪೇಸ್ಟಿನ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಒಳಗೆ ಫಾಯಿಲ್ ಹಾಸಿ ಸುರಿದರೆ ಮತ್ತೆ ಬ್ಲಾಕ್ ರೆಡಿ. ನಿಧಾನವಾಗಿ ಸುರಿಯಬೇಕು, ಇಲ್ಲದಿದ್ದರೆ ಒಳಗೆ ಗುಳ್ಳೆ ಉಳಿದು ಸರಿಯಾಗಿ ಬೇರಿನ ಹತ್ತಿರವೇ ತೂತು ಕಾಣುತ್ತದೆ. ನಾನು ಮೂವತ್ತು ಹಲ್ಲು ಕೆತ್ತಿದ್ದು ಹನ್ನೆರಡೇ ಬ್ಲಾಕಿನಲ್ಲಿ.

ದುಬಾರಿ ಸೆಟ್ ಬೇಡ. ಲೆಕ್ರಾನ್ ಒಂದು ಒಳ್ಳೆಯದು ತೆಗೆದುಕೊಳ್ಳಿ. ಅಂಗಡಿಯಲ್ಲೇ ಹಿಡಿದು ನೋಡಿ, ಹಿಡಿಯ ಗೀರು ಬೆರಳಿಗೆ ಚುಚ್ಚಬಾರದು. ಪಿಕೆಟಿ ಮೊದಲ ತಿಂಗಳಲ್ಲಿ ಬೇಕಾಗುವುದಿಲ್ಲ. ಸೆಟ್ಟಿನ ಜೊತೆ ಬರುವ ಪ್ಲಾಸ್ಟಿಕ್ ಸ್ಕೇಲನ್ನು ಮಾತ್ರ ನಂಬಬೇಡಿ. ನನ್ನದರಲ್ಲಿ 8.5 ಮಿಲಿಮೀಟರ್ ಅಂತ ಅಳೆದದ್ದು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್‌ನಲ್ಲಿ 9 ಇತ್ತು.